ಕಾಣದ ಹೊಗೆಯನ್ನು ಕಂಡವರು: ಆರಿ ಹಾಗನ್-ಸ್ಮಿಟ್

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆ ನಮ್ಮಲ್ಲಿ ಬಲು ಹಳೆಯದು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬೇಕೆಂಬುದು ತರ್ಕಶಾಸ್ತ್ರದಲ್ಲಿಯೂ ಮೊದಲ ಪಾಠ. ಆದರೆ ಬೆಂಕಿಯಿದ್ದೂ ಹೊಗೆ ಕಣ್ಣಿಗೆ ಕಾಣದಿದ್ದರೆ? ಕಾಣುವ ಹೊಗೆಗಿಂತ ಕಾಣದ ಹೊಗೆಯೇ ಹೆಚ್ಚು ಕೇಡು ಮಾಡುವಂತಿದ್ದರೆ? ಈ ಪ್ರಶ್ನೆಯ ಬೆನ್ನು ಹತ್ತಿ, ಉತ್ತರ ಸಿಕ್ಕಿದ ಮೇಲೆ ಅದನ್ನು ಜನ ಒಪ್ಪುವವರೆಗೂ ಬಿಡದೆ ಹೋರಾಡಿದ ಒಬ್ಬ ರಸಾಯನಶಾಸ್ತ್ರಜ್ಞರ ಜೀವನವನ್ನು ನಮ್ಮ ಕಾಲೇಜಿನ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ಕಲಾವಿಭಾಗದ ವಿದ್ಯಾರ್ಥಿ. ರಸಾಯನಶಾಸ್ತ್ರದಲ್ಲಿ ನನ್ನ ತಿಳಿವಳಿಕೆ ಅಲ್ಪವಾದದ್ದು. ಹೀಗಿದ್ದರೂ ಈ ವಿಷಯಕ್ಕೆ ಕೈ ಹಾಕಲು ಕಾರಣ ನಮ್ಮ ಮನೆಯ ಗಾಡಿ. ನಮ್ಮ ತಂದೆಯವರು ಸಾಲ ಮಾಡಿ ಕೊಂಡ ಪೆಟ್ರೋಲ್ ಗೂಡ್ಸ್ ಗಾಡಿಯಿಂದಲೇ ನಮ್ಮ ಸಂಸಾರ ನಡೆಯುತ್ತಿದೆ. ನನ್ನ ಕಾಲೇಜಿನ ಫೀಸೂ ಅದರ ದುಡಿಮೆಯೇ. ಕಳೆದ ವರ್ಷ ಒಂದು ದಿನ ಸ್ಟಿಯರಿಂಗಿನ ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹತ್ತಿಕೊಂಡಿತು. ಗಾಡಿ ಓಡುತ್ತಿತ್ತು, ಹೊಗೆಯೇನೂ ಕಾಣುತ್ತಿರಲಿಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬರು ಬ್ಯಾಟರಿಯ ತಂತಿಯನ್ನು ಬಿಚ್ಚಿ ಮತ್ತೆ ಸೇರಿಸಿದರು. ದೀಪ ಆರಿತು. ನಾಲ್ಕು ದಿನಕ್ಕೆ ಪುನಃ ಹತ್ತಿತು. ಅಷ್ಟರಲ್ಲಿ ಎಮಿಷನ್ ಟೆಸ್ಟಿನ ಅವಧಿ ಮುಗಿದಿತ್ತು. ಟೆಸ್ಟ್ ಮಾಡುವಲ್ಲಿ ಸೈಲೆನ್ಸರಿಗೆ ಕೊಳವೆಯಿಟ್ಟು ನೋಡಿ, ಪಾಸಾಯಿತೆಂದು ಸರ್ಟಿಫಿಕೇಟ್ ಕೊಟ್ಟರು. ಸರ್ಟಿಫಿಕೇಟ್ ಕೈಯಲ್ಲಿದೆ, ದೀಪ ಕಣ್ಣೆದುರಿಗೆ ಉರಿಯುತ್ತಿದೆ. ಎರಡರಲ್ಲಿ ಯಾವುದನ್ನು ನಂಬುವುದೆಂದು ತಂದೆಯವರು ನನ್ನನ್ನು ಕೇಳಿದರು. ನಮ್ಮ ಮನೆತನದಲ್ಲಿ ಡಿಗ್ರಿಯವರೆಗೆ ಬಂದವನು ನಾನೊಬ್ಬನೇ. ಆದರೂ ನನ್ನಲ್ಲಿ ಉತ್ತರವಿರಲಿಲ್ಲ. ಆ ನಾಚಿಕೆಯಿಂದ ಓದಲು ಹೊರಟಾಗ ಪರಿಚಯವಾದ ಹೆಸರು ಆರಿ ಯಾನ್ ಹಾಗನ್-ಸ್ಮಿಟ್.

ಇವರು ಹಾಲೆಂಡ್ ದೇಶದ ಉಟ್ರೆಕ್ಟ್ ನಗರದಲ್ಲಿ 1900ನೆಯ ಇಸವಿ ಡಿಸೆಂಬರ್ 22ರಂದು ಜನಿಸಿದರು. ತಂದೆ ಆ ನಗರದ ನಾಣ್ಯ ಟಂಕಿಸುವ ಸರ್ಕಾರಿ ಟಂಕಸಾಲೆಯಲ್ಲಿ ರಸಾಯನಜ್ಞರಾಗಿದ್ದವರು. ಮಗನೂ ಉಟ್ರೆಕ್ಟ್ ವಿಶ್ವವಿದ್ಯಾನಿಲಯವನ್ನೇ ಸೇರಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿ, 1929ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಗಿಡಗಳು ಬೆಳೆಯುವುದಕ್ಕೆ ಕಾರಣವಾದ ಹಾರ್ಮೋನುಗಳನ್ನು ಬೇರ್ಪಡಿಸುವ ಕೆಲಸದಲ್ಲಿ ಅವರಿಗೆ ಬೇಗನೆ ಹೆಸರು ಬಂದಿತು. ಈ ಕೆಲಸದ ಕಷ್ಟವನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ರಾಶಿ ರಾಶಿ ಪದಾರ್ಥವನ್ನು ಸೋಸಿ, ಬಟ್ಟಿಯಿಳಿಸಿ, ಕೊನೆಗೆ ಸಾಸಿವೆಯ ಕಾಳಿಗಿಂತ ಕಡಿಮೆ ತೂಕದ ವಸ್ತುವನ್ನು ಹಿಡಿಯಬೇಕು. ಇದಕ್ಕೆ ಬೇಕಾದದ್ದು ಮುಖ್ಯವಾಗಿ ತಾಳ್ಮೆ. ಅದು ಹಾಗನ್-ಸ್ಮಿಟ್ಟರಲ್ಲಿ ಧಾರಾಳವಾಗಿತ್ತು.

1936ರಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಮರುವರ್ಷ, ಅನುವಂಶಿಕತೆಯ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕ ಪಡೆದಿದ್ದ ಥಾಮಸ್ ಹಂಟ್ ಮಾರ್ಗನ್ ಅವರ ಆಹ್ವಾನದ ಮೇರೆಗೆ ಪಸಡೀನ ನಗರದಲ್ಲಿರುವ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಗೆ ಹೋದರು. ಈ ಸಂಸ್ಥೆಯನ್ನು ಜನರು ಚಿಕ್ಕದಾಗಿ ಕ್ಯಾಲ್‌ಟೆಕ್ ಎನ್ನುತ್ತಾರೆ. ಮುಂದೆ ಅವರ ಜೀವಮಾನವೆಲ್ಲ ಅಲ್ಲಿಯೇ ಕಳೆಯಿತು. ಹಣ್ಣು, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಾರಸ ಮೊದಲಾದವುಗಳ ರುಚಿಗೂ ಪರಿಮಳಕ್ಕೂ ಕಾರಣವಾದ ವಸ್ತುಗಳನ್ನು ಹುಡುಕುವುದರಲ್ಲಿ ಅವರು ನಿಪುಣರಾದರು. ಅನಾನಸ್ ಹಣ್ಣಿಗೆ ಆ ಘಮಲು ಎಲ್ಲಿಂದ ಬರುತ್ತದೆಂದು ತಿಳಿಯಲು ಸಾವಿರಾರು ಪೌಂಡು ಹಣ್ಣಿನ ಆವಿಯನ್ನು ತಣಿಸಿ ಶೇಖರಿಸಿದರು. ಇಂತಹ ಸೌಮ್ಯವಾದ ವಿದ್ಯೆಯಲ್ಲಿ ಮುಳುಗಿದ್ದ ಮನುಷ್ಯರು ಎಣ್ಣೆ ಕಂಪನಿಗಳನ್ನೂ ಮೋಟಾರು ಕಂಪನಿಗಳನ್ನೂ ಎದುರು ಹಾಕಿಕೊಳ್ಳುವರೆಂದು ಯಾರೂ ಎಣಿಸಿರಲಾರರು.

ಪಸಡೀನಕ್ಕೆ ಹತ್ತಿರದಲ್ಲಿರುವ ಮಹಾನಗರ ಲಾಸ್ ಏಂಜಲೀಸ್. ಒಂದು ಕಡೆ ಸಮುದ್ರ, ಉಳಿದ ಕಡೆಗಳಲ್ಲಿ ಬೆಟ್ಟಗಳು, ಬಿಸಿಲಿಗೆ ಕೊರತೆಯಿಲ್ಲ. ಸಮುದ್ರದಿಂದ ಬರುವ ತಂಪುಗಾಳಿ ಕೆಳಗೆ ನಿಂತರೆ ಬೆಚ್ಚಗಿನ ಗಾಳಿ ಮೇಲೆ ಮುಚ್ಚಳದಂತೆ ಕುಳಿತುಬಿಡುತ್ತದೆ. ಮುಚ್ಚಿದ ಪಾತ್ರೆಯೊಳಗಿನ ಆವಿಯಂತೆ ಊರಿನ ಗಾಳಿ ಊರಲ್ಲೇ ಉಳಿಯುತ್ತದೆ. 1943ರ ಜುಲೈ ತಿಂಗಳಲ್ಲಿ ಈ ನಗರದ ಮೇಲೆ ಕಂದುಬಣ್ಣದ ಮಬ್ಬು ದಟ್ಟವಾಗಿ ಕವಿಯಿತು. ಜನರ ಕಣ್ಣು ಉರಿದವು, ಗಂಟಲು ಕೆರೆಯಿತು. ಅದು ಎರಡನೆಯ ಮಹಾಯುದ್ಧದ ಕಾಲವಾದ್ದರಿಂದ, ಜಪಾನೀಯರು ವಿಷಾನಿಲ ಬಿಟ್ಟರೋ ಏನೋ ಎಂದು ಅಂಜಿದವರೂ ಇದ್ದರು. ಹೊಗೆ ಮತ್ತು ಮಂಜು ಸೇರಿ ಆದದ್ದೆಂಬ ಅರ್ಥದಲ್ಲಿ ಇದನ್ನು ಸ್ಮಾಗ್ ಎಂದು ಕರೆದರು. ನಿಜವಾಗಿ ನೋಡಿದರೆ ಅದು ಹೊಗೆಯೂ ಅಲ್ಲ, ಮಂಜೂ ಅಲ್ಲ ಎಂಬುದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾದವು.

ಜನರು ಮೊದಲು ದೂರಿದ್ದು ಯುದ್ಧಕ್ಕಾಗಿ ಕೃತಕ ರಬ್ಬರಿನ ಸಾಮಗ್ರಿ ತಯಾರಿಸುತ್ತಿದ್ದ ಕಾರ್ಖಾನೆಯೊಂದನ್ನು. ಅದನ್ನು ನಿಲ್ಲಿಸಿದರು, ಸ್ಮಾಗ್ ನಿಲ್ಲಲಿಲ್ಲ. 1947ರಲ್ಲಿ ಗಾಳಿಯ ಮಾಲಿನ್ಯವನ್ನು ತಡೆಯಲು ಅಲ್ಲಿ ಪ್ರತ್ಯೇಕ ಇಲಾಖೆಯೇ ಹುಟ್ಟಿತು. ಎಣ್ಣೆ ಶುದ್ಧಿಮಾಡುವ ಕಾರ್ಖಾನೆಗಳ ಗಂಧಕದ ಹೊಗೆಯನ್ನು ಕಡಿಮೆ ಮಾಡಿಸಿದರು. ಆದರೂ ಕಣ್ಣುರಿ ಹೋಗಲಿಲ್ಲ. ಇಂಗ್ಲೆಂಡಿನ ಲಂಡನ್ನಿನಲ್ಲಿ ಕಲ್ಲಿದ್ದಲಿನ ಹೊಗೆಯಿಂದ ತೊಂದರೆಯಾಗುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಇಲ್ಲಿಯೂ ಅದೇ ಇರಬೇಕೆಂದು ಎಲ್ಲರೂ ಚಿಮಣಿಗಳ ಕಡೆಗೇ ನೋಡುತ್ತಿದ್ದರು. ಲಂಡನ್ನಿನ ಮಬ್ಬು ಚಳಿಗಾಲದ್ದು, ಲಾಸ್ ಏಂಜಲೀಸಿನದು ಸುಡುಬಿಸಿಲಿನದು ಎಂಬ ವ್ಯತ್ಯಾಸದ ಅರ್ಥ ಯಾರಿಗೂ ಹೊಳೆಯಲಿಲ್ಲ.

1948ರಲ್ಲಿ ಹಾಗನ್-ಸ್ಮಿಟ್ಟರು ಈ ವಿಷಯಕ್ಕೆ ಕೈ ಹಾಕಿದರು. ಹಣ್ಣಿನ ಪರಿಮಳವನ್ನು ಹಿಡಿಯಲು ಬಳಸಿದ ಉಪಾಯವನ್ನೇ ಅವರು ಊರಿನ ಗಾಳಿಗೂ ಪ್ರಯೋಗಿಸಿದರು. ಪಸಡೀನದ ಗಾಳಿಯನ್ನು, ಸುಮಾರು 30,000 ಘನ ಅಡಿಗಳಷ್ಟನ್ನು, ಅತಿಶೀತವಾದ ಕೊಳವೆಗಳ ಮೂಲಕ ಎಳೆದರು. ಕೊನೆಗೆ ಉಳಿದದ್ದು ಕಂದುಬಣ್ಣದ, ಮೂಗಿಗೆ ಹೊಡೆಯುವ ಕೆಲವೇ ತೊಟ್ಟು ದ್ರವ. ಪರೀಕ್ಷಿಸಿ ನೋಡಿದರೆ ಅದರಲ್ಲಿ ಗಂಧಕ ಮುಖ್ಯವಾಗಿರಲಿಲ್ಲ. ಪೆರಾಕ್ಸೈಡುಗಳು, ಆಲ್ಡಿಹೈಡುಗಳು, ಆಮ್ಲಗಳು ಇದ್ದವು. ಇವೆಲ್ಲ ಪೆಟ್ರೋಲಿನಂತಹ ಪದಾರ್ಥವು ಗಾಳಿಯಲ್ಲಿ ಅರ್ಧಂಬರ್ಧ ಆಮ್ಲಜನಕದೊಡನೆ ಸೇರಿದಾಗ ಉಂಟಾಗತಕ್ಕವು.

ಅವರು ಕಂಡುಕೊಂಡ ಕ್ರಮವನ್ನು ನನಗೆ ತಿಳಿದಷ್ಟರ ಮಟ್ಟಿಗೆ ಹೇಳುತ್ತೇನೆ. ಮೋಟಾರಿನ ಎಂಜಿನ್ನಿನಲ್ಲಿ ಪೆಟ್ರೋಲು ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದ ಹೈಡ್ರೋಕಾರ್ಬನ್ನುಗಳು ಸೈಲೆನ್ಸರಿನಿಂದ ಹೊರಗೆ ಬರುತ್ತವೆ. ಎಂಜಿನ್ನಿನ ಅತಿಯಾದ ಶಾಖದಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಈ ಎರಡು ಬಗೆಯ ಅನಿಲಗಳ ಮೇಲೆ ಬಿಸಿಲು ಬಿದ್ದಾಗ ಹೊಸ ಹೊಸ ವಸ್ತುಗಳು ಹುಟ್ಟುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಓಜೋನ್. ಆಕಾಶದಲ್ಲಿ ಬಹು ಎತ್ತರದಲ್ಲಿರುವ ಓಜೋನ್ ನಮ್ಮನ್ನು ಕಾಪಾಡುತ್ತದೆ. ನೆಲದ ಬಳಿ ನಾವು ಉಸಿರಾಡುವ ಗಾಳಿಯಲ್ಲಿ ಸೇರಿದರೆ ಶ್ವಾಸಕೋಶವನ್ನು ಕೆಡಿಸುತ್ತದೆ. ಹೀಗೆ, ಸೈಲೆನ್ಸರಿನ ಬಾಯಲ್ಲಿ ಕಣ್ಣಿಗೆ ಬೀಳದೆ ಹೊರಟದ್ದು ಮಧ್ಯಾಹ್ನದ ಹೊತ್ತಿಗೆ ಇಡೀ ಊರಿನ ಮೇಲೆ ಮಬ್ಬಾಗಿ ಕವಿಯುತ್ತಿತ್ತು. ಎಣ್ಣೆ ಕಾರ್ಖಾನೆಗಳ ಆವಿಗೂ ಇದರಲ್ಲಿ ಪಾಲಿತ್ತು. ಆದರೆ ದಿನೇ ದಿನೇ ಬೆಳೆಯುತ್ತಿದ್ದ ಪಾಲು ಜನರ ಸ್ವಂತ ಕಾರುಗಳದ್ದು.

ಈ ಮಾತು ಯಾರಿಗೂ ಹಿಡಿಸಲಿಲ್ಲ. ಎಣ್ಣೆ ಕಂಪನಿಗಳ ಹಣದಿಂದ ಇದೇ ವಿಷಯದ ಪರಿಶೀಲನೆ ನಡೆಸುತ್ತಿದ್ದ ಸ್ಟಾನ್‌ಫರ್ಡ್ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಇದನ್ನು ಅಲ್ಲಗಳೆದರು. ಅವರಲ್ಲೊಬ್ಬರು ಕ್ಯಾಲ್‌ಟೆಕ್ಕಿಗೇ ಬಂದು ಭಾಷಣ ಮಾಡಿ ಹಾಗನ್-ಸ್ಮಿಟ್ಟರ ಶೋಧನೆಯನ್ನು ಹಗುರಮಾಡಿ ಆಡಿದರು. ಹಾಗನ್-ಸ್ಮಿಟ್ಟರು ಸಭೆಯಲ್ಲಿ ಕುಳಿತು ಅದನ್ನು ಕೇಳಿದರು. ಅವರ ಜೀವನದ ತಿರುವು ಇದೇ ಎನ್ನಬಹುದು. ಅವರಾಗ ಐವತ್ತರ ಅಂಚಿನಲ್ಲಿದ್ದರು. ಗಿಡಗಳ ರಸಾಯನದಲ್ಲಿ ಕೀರ್ತಿಯಿತ್ತು, ನೆಮ್ಮದಿಯ ಪ್ರಾಧ್ಯಾಪಕ ವೃತ್ತಿಯಿತ್ತು. ಸುಮ್ಮನಿದ್ದು ಪರಿಮಳಗಳ ಪ್ರಪಂಚಕ್ಕೆ ಹಿಂದಿರುಗಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಸರಿಯಾಗಿ ಮಾಡಿದ ಕೆಲಸವನ್ನು ಸರಿಯಿಲ್ಲವೆಂದು ಕರೆಸಿಕೊಳ್ಳುವುದು ಅವರಿಗೆ ಸಹಿಸಲಿಲ್ಲ. ಪ್ರಿಯವಾದ ಸಂಶೋಧನೆಯನ್ನು ಬದಿಗಿಟ್ಟು ಸ್ಮಾಗಿನ ಕೆಲಸಕ್ಕೇ ನಿಂತರು.

ಅವರು ವಾಗ್ವಾದಕ್ಕೆ ಇಳಿಯಲಿಲ್ಲ, ಪ್ರಯೋಗಕ್ಕೆ ಇಳಿದರು. ಪೆಟ್ರೋಲಿನ ಆವಿಯನ್ನೂ ಸಾರಜನಕದ ಆಕ್ಸೈಡನ್ನೂ ಪಾತ್ರೆಯಲ್ಲಿ ಸೇರಿಸಿ ಬೆಳಕು ಬಿಟ್ಟು, ಕೋಣೆಯೊಳಗೇ ಸ್ಮಾಗನ್ನು ತಯಾರಿಸಿ ತೋರಿಸಿದರು. ಪಾಲಕ್ ಮೊದಲಾದ ಸೊಪ್ಪಿನ ಗಿಡಗಳನ್ನು ಅದರಲ್ಲಿಟ್ಟಾಗ, ಲಾಸ್ ಏಂಜಲೀಸಿನ ಸುತ್ತಲಿನ ರೈತರ ಹೊಲಗಳಲ್ಲಿ ಎಲೆಗಳ ಮೇಲೆ ಬೀಳುತ್ತಿದ್ದಂತಹ ಕಲೆಗಳೇ ಇಲ್ಲಿಯೂ ಬಿದ್ದವು. ಆ ಊರಿನಲ್ಲಿ ಟೈರುಗಳು ಬೇರೆಡೆಗಿಂತ ಬೇಗ ಬಿರಿಯುತ್ತಿದ್ದುದನ್ನು ರಬ್ಬರಿನ ವ್ಯಾಪಾರಿಗಳು ಮೊದಲೇ ಗಮನಿಸಿದ್ದರು. ಹಾಗನ್-ಸ್ಮಿಟ್ಟರು ಬಾಗಿಸಿದ ರಬ್ಬರ್ ಪಟ್ಟಿಯನ್ನು ಗಾಳಿಗೊಡ್ಡಿ, ಅದು ಬಿರುಕು ಬಿಡಲು ಎಷ್ಟು ಹೊತ್ತಾಗುತ್ತದೆಂದು ನೋಡಿ ಓಜೋನಿನ ಪ್ರಮಾಣವನ್ನು ಅಳೆದರು. ಅದೆಷ್ಟು ಸರಳವಾದ ಸಾಧನ! 1952ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಈ ವಿಚಾರವೆಲ್ಲ ಸಮಗ್ರವಾಗಿ ಬಂದಿತು. ವಿರೋಧಿಸಿದ್ದವರೂ ಕಾಲಕ್ರಮದಲ್ಲಿ ಒಪ್ಪಬೇಕಾಯಿತು.

ವಿಜ್ಞಾನಿಗಳು ಒಪ್ಪಿದರೆ ಕಾರ್ಯ ಮುಗಿಯಿತೆಂದಲ್ಲ. ಲಾಸ್ ಏಂಜಲೀಸಿನ ಜನಪ್ರತಿನಿಧಿ ಕೆನೆತ್ ಹಾನ್ ಎಂಬವರು 1953ರಿಂದ ಮೋಟಾರು ಕಂಪನಿಗಳ ಅಧ್ಯಕ್ಷರಿಗೆ ಕಾಗದದ ಮೇಲೆ ಕಾಗದ ಬರೆದರು. ಸೈಲೆನ್ಸರಿನ ಅನಿಲ ಗಾಳಿಯಲ್ಲಿ ಬೇಗ ಕರಗಿಹೋಗುವುದರಿಂದ ತೊಂದರೆಯಿಲ್ಲವೆಂಬ ಭಾವದ ಉತ್ತರ ಬಂದಿತು. ಮಾಲಿನ್ಯ ತಡೆಯುವ ಸಾಧನಗಳನ್ನು ತರುವುದನ್ನು ಕಂಪನಿಗಳು ಒಟ್ಟುಗೂಡಿ ಮುಂದೂಡುತ್ತಿವೆಯೆಂದು 1969ರಲ್ಲಿ ಅಮೆರಿಕ ಸರ್ಕಾರವೇ ಮೊಕದ್ದಮೆ ಹೂಡಿತು. ಅದೇ ವರ್ಷ ಅದು ರಾಜಿಯಲ್ಲಿ ಮುಗಿಯಿತು. ಇನ್ನು ಜನಸಾಮಾನ್ಯರೋ, ಕಾರ್ಖಾನೆಯ ಚಿಮಣಿಯನ್ನು ಬೈಯುವುದು ಅವರಿಗೆ ಸುಲಭ. ತಮ್ಮ ಮನೆಯ ಮುಂದೆ ನಿಂತ ಕಾರನ್ನು ದೂರುವುದು ಕಷ್ಟ. ತಪ್ಪಿತಸ್ಥನೊಬ್ಬನೇ ಆಗಿದ್ದರೆ ಹಿಡಿದು ದಂಡಿಸಬಹುದು. ತಪ್ಪು ಲಕ್ಷಾಂತರ ಜನರಲ್ಲಿ ಚೂರು ಚೂರಾಗಿ ಹಂಚಿಹೋದರೆ ಏನು ಮಾಡಬೇಕು? ಹಾಗನ್-ಸ್ಮಿಟ್ಟರು ಎದುರಿಸಿದ ನಿಜವಾದ ಪ್ರಶ್ನೆ ಇದು. ಒಂದೊಂದು ಗಾಡಿಯನ್ನೂ ಅಳೆಯುವುದಲ್ಲದೆ ಬೇರೆ ದಾರಿಯಿರಲಿಲ್ಲ.

ಆ ದಾರಿ ನಿಧಾನವಾಗಿ ತೆರೆಯಿತು. 1960ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೋಟಾರು ವಾಹನಗಳ ಮಾಲಿನ್ಯಕ್ಕಾಗಿಯೇ ಮಂಡಲಿಯೊಂದು ಏರ್ಪಟ್ಟು, ಹಾಗನ್-ಸ್ಮಿಟ್ಟರು ಅದರ ಸದಸ್ಯರಾದರು. 1966ರ ಮಾದರಿಯ ಹೊಸ ಕಾರುಗಳಿಗೆ ಹೈಡ್ರೋಕಾರ್ಬನ್ ಮತ್ತು ಕಾರ್ಬನ್ ಮೊನಾಕ್ಸೈಡಿನ ಮಿತಿಯನ್ನು ಆ ರಾಜ್ಯ ಗೊತ್ತುಮಾಡಿತು. 1968ರಲ್ಲಿ ವಾಯು ಸಂಪನ್ಮೂಲ ಮಂಡಲಿ ಕೆಲಸ ಆರಂಭಿಸಿದಾಗ ಅದರ ಮೊದಲನೆಯ ಅಧ್ಯಕ್ಷಪದವಿ ಅವರಿಗೇ ಬಂದಿತು. 1971ರ ಮಾದರಿಗಳಿಂದ ಸಾರಜನಕದ ಆಕ್ಸೈಡುಗಳಿಗೂ ಮಿತಿ ಬಂದಿತು. 1973ರವರೆಗೆ ಅಧ್ಯಕ್ಷರಾಗಿದ್ದು ಆ ಪದವಿಯಿಂದ ಹೊರಬಂದರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕವೂ, 1974ರಲ್ಲಿ ಮೊತ್ತಮೊದಲು ಕೊಡಲ್ಪಟ್ಟ ಟೈಲರ್ ಪಾರಿತೋಷಕವೂ ಅವರಿಗೆ ದೊರೆತವು. 1977ರ ಮಾರ್ಚ್ 17ರಂದು ಪಸಡೀನದಲ್ಲಿ ಅವರು ನಿಧನರಾದರು. ಎಲ್ ಮಾಂಟೆ ಎಂಬ ಊರಿನಲ್ಲಿದ್ದ ಮಂಡಲಿಯ ವಾಹನ ಪರೀಕ್ಷಾ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಟ್ಟರು.

ಅವರು ತೋರಿದ ದಾರಿಯಲ್ಲಿ ಮುಂದೆ ಬಂದ ಸಾಧನಗಳನ್ನು ಇಲ್ಲಿ ಹೇಳಲೇಬೇಕು. ಏಕೆಂದರೆ ನಮ್ಮ ಗಾಡಿಯ ಹಳದಿ ದೀಪ ಆ ಸಾಲಿನಲ್ಲಿಯೇ ಹುಟ್ಟಿದ್ದು. 1975ರ ಮಾದರಿಗಳಿಂದ ಅಮೆರಿಕದ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಬಂದಿತು. ಇದು ಸೈಲೆನ್ಸರಿನ ಕೊಳವೆಯಲ್ಲಿ ಕೂರಿಸಿದ, ಪ್ಲಾಟಿನಂನಂತಹ ಲೋಹ ಲೇಪಿಸಿದ ಜೇನುಗೂಡಿನಂತಹ ವಸ್ತು. ಉರಿಯದೆ ಬಂದ ಅನಿಲಗಳನ್ನು ಇದು ನೀರಿನ ಆವಿಯಾಗಿಯೂ ಕಾರ್ಬನ್ ಡೈ ಆಕ್ಸೈಡಾಗಿಯೂ ಮಾರ್ಪಡಿಸುತ್ತದೆ. ಸೀಸ ಬೆರೆತ ಪೆಟ್ರೋಲಿನಿಂದ ಇದು ಕೆಟ್ಟುಹೋಗುವುದರಿಂದ ಸೀಸವಿಲ್ಲದ ಪೆಟ್ರೋಲೂ ಬರಬೇಕಾಯಿತು. ಮೂರು ಬಗೆಯ ಮಾಲಿನ್ಯವನ್ನೂ ಒಟ್ಟಿಗೆ ತಡೆಯಬೇಕಾದರೆ ಗಾಳಿಗೂ ಪೆಟ್ರೋಲಿಗೂ ಇರುವ ಅಳತೆ ಸದಾ ಸರಿಯಾಗಿರಬೇಕು. ಅದಕ್ಕಾಗಿ ಸೈಲೆನ್ಸರಿನಲ್ಲಿ ಎಷ್ಟು ಆಮ್ಲಜನಕ ಉಳಿದಿದೆಯೆಂದು ಮೂಸಿ ನೋಡುವ ಆಕ್ಸಿಜನ್ ಸೆನ್ಸರನ್ನು ವೋಲ್ವೊ ಕಂಪನಿ 1977ರ ಮಾದರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ತಂದಿತು. ಸೆನ್ಸರ್ ಹೇಳಿದ್ದನ್ನು ಕೇಳಿ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡಲು ಗಾಡಿಯೊಳಗೆ ಸಣ್ಣ ಕಂಪ್ಯೂಟರ್ ಬಂದಿತು.

1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓಡುವ ಗಾಡಿಗಳಿಗೆ ಸ್ಮಾಗ್ ಪರೀಕ್ಷೆ ಆರಂಭವಾಯಿತು. ಆದರೆ ಪರೀಕ್ಷೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಮಧ್ಯದಲ್ಲಿ ಕೆಟ್ಟರೆ ಹೇಳುವವರು ಯಾರು? ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಹೇಳಲಿ ಎಂದು 1988ರ ಮಾದರಿಗಳಿಂದ ಅಲ್ಲಿ ಎಚ್ಚರಿಕೆಯ ದೀಪವನ್ನು ಕಡ್ಡಾಯ ಮಾಡಿದರು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಲ್ಲಿಯೂ ಇದರ ಸುಧಾರಿಸಿದ ಕ್ರಮ ಬಂದಿತು. ಕನ್ವರ್ಟರಿನ ಹಿಂದೊಂದು ಮುಂದೊಂದು ಸೆನ್ಸರ್ ಇಟ್ಟು ಅದು ಕೆಲಸ ಮಾಡುತ್ತಿದೆಯೇ ಎಂದು ನೋಡುವುದು, ಮಾಲಿನ್ಯ ಸಾಮಾನ್ಯವಾಗಿ ಮಿತಿಯ ಒಂದೂವರೆ ಪಾಲನ್ನು ದಾಟುವಂತಹ ದೋಷ ಕಂಡರೆ ದೀಪ ಹಚ್ಚುವುದು, ದೋಷದ ಸಂಖ್ಯೆಯನ್ನು ನೆನಪಿಡುವುದು ಇದರ ಕೆಲಸ. ದೀಪ ಒಂದೇ ಸಮನೆ ಉರಿದರೆ ಬೇಗ ತೋರಿಸಬೇಕು. ಮಿಣುಕಿದರೆ ಎಂಜಿನ್ ಮಿಸ್ ಹೊಡೆದು ಹಸಿ ಪೆಟ್ರೋಲು ಕನ್ವರ್ಟರಿಗೆ ಹೋಗಿ ಅದನ್ನೇ ಸುಡುತ್ತಿದೆಯೆಂದು ಅರ್ಥ, ಆಗ ತಡಮಾಡಬಾರದು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾಗಿದ್ದರೂ ಅಲ್ಲಿ ಈ ದೀಪ ಹತ್ತಬಹುದು. ಏಕೆಂದರೆ ಆರಿಹೋಗುವ ಪೆಟ್ರೋಲೂ ಸ್ಮಾಗಿಗೆ ಸಾಮಗ್ರಿಯೇ.

ಕ್ಯಾಲಿಫೋರ್ನಿಯಾದಲ್ಲಿ 2000ದಿಂದೀಚಿನ ಬಹುತೇಕ ಪೆಟ್ರೋಲ್ ಕಾರುಗಳಿಗೆ ಈಗ ಸೈಲೆನ್ಸರಿನಲ್ಲಿ ಕೊಳವೆ ಇಡುವುದೇ ಇಲ್ಲ. ಗಾಡಿಯ ಕಂಪ್ಯೂಟರಿಗೆ ತಂತಿ ಸೇರಿಸಿ ಓದುತ್ತಾರೆ. ದೀಪ ಉರಿಯುತ್ತಿದ್ದರೆ ಫೇಲು. ಬ್ಯಾಟರಿ ಬಿಚ್ಚಿ ದೀಪ ಆರಿಸಿಕೊಂಡು ಹೋದವರೂ ಪಾಸಾಗುವುದಿಲ್ಲ. ಹಾಗೆ ಮಾಡಿದಾಗ ಗಾಡಿಯ ಸ್ವಪರೀಕ್ಷೆಯ ಲೆಕ್ಕವೂ ಅಳಿಸಿಹೋಗುತ್ತದೆ. ಇನ್ನೂ ಪರೀಕ್ಷೆ ಮುಗಿದಿಲ್ಲವೆಂದು ಗಾಡಿಯೇ ಹೇಳಿಬಿಡುತ್ತದೆ. ಮತ್ತೆ ಕೆಲವು ದಿನ ಓಡಿಸಿದ ಮೇಲೆಯೇ ಅದು ಸಿದ್ಧವಾಗುವುದು. ದೋಷ ಉಳಿದಿದ್ದರೆ ಅಷ್ಟರಲ್ಲಿ ದೀಪವೂ ಮರಳಿ ಹತ್ತುತ್ತದೆ. ನಮ್ಮ ಮೆಕ್ಯಾನಿಕ್ಕಿನ ಉಪಾಯ ನಾಲ್ಕೇ ದಿನ ಬಾಳಿದ್ದೇಕೆಂದು ನನಗೆ ಅರ್ಥವಾದದ್ದು ಇಲ್ಲಿ.

ಪಾಸಾಗುವುದೂ ಶುದ್ಧವಾಗಿರುವುದೂ ಒಂದೇ ಅಲ್ಲವೆಂಬುದಕ್ಕೆ ದೊಡ್ಡ ನಿದರ್ಶನವೊಂದಿದೆ. 2013ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯದ ತಂಡವೊಂದು ಕೆಲವು ಡೀಸೆಲ್ ಕಾರುಗಳನ್ನು ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷಿಸಿತು. ಹಾಗನ್-ಸ್ಮಿಟ್ಟರ ಹೆಸರಿನ ಪ್ರಯೋಗಾಲಯದಲ್ಲಿ ನಿಲ್ಲಿಸಿ ಓಡಿಸಿದಾಗ ಎಲ್ಲವೂ ಸರಿಯಿದ್ದವು. ಅಳೆಯುವ ಯಂತ್ರವನ್ನು ಕಾರಿನ ಹಿಂದೆಯೇ ಕಟ್ಟಿಕೊಂಡು ರಸ್ತೆಯಲ್ಲಿ ಓಡಿಸಿದಾಗ ಫೋಕ್ಸ್‌ವ್ಯಾಗನ್ ಕಂಪನಿಯ ಎರಡು ಕಾರುಗಳು ಮಿತಿಯ ಹಲವು ಪಟ್ಟು ಸಾರಜನಕದ ಆಕ್ಸೈಡನ್ನು ಉಗುಳಿದವು. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಆಗ ಮಾತ್ರ ಸಭ್ಯವಾಗಿ ನಡೆದುಕೊಳ್ಳುವಂತೆ ಅವುಗಳ ಕಂಪ್ಯೂಟರಿಗೆ ಕಲಿಸಲಾಗಿತ್ತು. 2015ರಲ್ಲಿ ಕಂಪನಿ ತಪ್ಪೊಪ್ಪಿಕೊಂಡಿತು. ಪ್ರಪಂಚದಲ್ಲಿ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಈ ಮೋಸವಿತ್ತು. ಇದನ್ನು ಬಯಲಿಗೆ ತಂದ ಆ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಎಂಬ ಇಂಜಿನಿಯರರೂ ಇದ್ದರೆಂಬುದು ನಮಗೆ ಹೆಮ್ಮೆಯ ವಿಷಯ.

ನಮ್ಮ ದೇಶದಲ್ಲಿಯೂ 2020ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಬಿ.ಎಸ್. 6 ಎಂಬ ಕಟ್ಟುನಿಟ್ಟಿನ ಮಿತಿ ಬಂದಿದೆ. 2023ರಿಂದ ಹೊಸ ಕಾರಿನ ಮಾದರಿಗಳನ್ನು ರಸ್ತೆಯಲ್ಲಿಯೇ ಓಡಿಸಿ ಅಳೆಯುವ ಕ್ರಮವೂ ಬಂದಿದೆ. ಆದರೆ ಸರ್ಟಿಫಿಕೇಟಿಗಾಗಿ ನಾವು ಮಾಡಿಸುವ ಪರೀಕ್ಷೆಯಲ್ಲಿ ಪೆಟ್ರೋಲ್ ಗಾಡಿಯನ್ನು ನಿಲ್ಲಿಸಿ ಕಾರ್ಬನ್ ಮೊನಾಕ್ಸೈಡನ್ನೂ ಹೈಡ್ರೋಕಾರ್ಬನ್ನನ್ನೂ ನೋಡುತ್ತಾರೆ. ಸಾರಜನಕದ ಆಕ್ಸೈಡುಗಳನ್ನು ನೋಡುವುದಿಲ್ಲ. ನಿಂತ ಗಾಡಿ ಪಾಸಾಗಬಹುದು; ಭಾರ ಹೊತ್ತು ಏರು ಹತ್ತುವ ಗಾಡಿಯ ಕಥೆ ಬೇರೆ. ಆ ಕಥೆಯನ್ನು ಬಲ್ಲದ್ದು ಸದಾ ಗಾಡಿಯ ಜೊತೆಗಿರುವ ದೀಪ.

ಇದಿಷ್ಟನ್ನು ಓದಿದ ಮೇಲೆ ತಂದೆಯವರಿಗೆ ಉತ್ತರ ಹೇಳಿದೆ: ಸರ್ಟಿಫಿಕೇಟನ್ನು ಜೇಬಿನಲ್ಲಿಟ್ಟುಕೊಳ್ಳೋಣ, ದೀಪವನ್ನು ನಂಬೋಣ. ಬೇರೊಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸಿದೆವು. ಕೆಟ್ಟಿದ್ದದ್ದು ಆಕ್ಸಿಜನ್ ಸೆನ್ಸರ್. ಅದನ್ನು ಬದಲಿಸಲು ಎರಡು ದಿನದ ಬಾಡಿಗೆಯಷ್ಟು ಖರ್ಚಾಯಿತು. ನಮ್ಮಂತಹವರಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಕೆಲವು ತಿಂಗಳಿಂದ ಪೆಟ್ರೋಲು ಹೆಚ್ಚು ಕುಡಿಯುತ್ತಿದ್ದ ಗಾಡಿ ಆಮೇಲೆ ಹಳೆಯ ಲೆಕ್ಕಕ್ಕೆ ಬಂದಿತು. ತಂದೆಯವರು ಏನೂ ಹೇಳಲಿಲ್ಲ. ಮರುದಿನ ಪಕ್ಕದ ಗಾಡಿಯವರೊಬ್ಬರು ಅದೇ ದೀಪದ ಮೇಲೆ ಕಪ್ಪು ಟೇಪು ಅಂಟಿಸಿದ್ದನ್ನು ಕಂಡು, ಅವರಿಗೆ ತಾವೇ ವಿವರಿಸಿ ಹೇಳುತ್ತಿದ್ದುದನ್ನು ನೋಡಿದೆ.

ಪರೀಕ್ಷೆಗಳ ಕಾಲ ಹತ್ತಿರವಾಗಿರುವ ನಮಗೆಲ್ಲ ಪಾಸಾಗುವ ಚಿಂತೆಯಿದೆ, ಅದು ಸಹಜವೇ. ಹಾಗನ್-ಸ್ಮಿಟ್ಟರು ಸಭೆಯಲ್ಲಿ ಅವಮಾನ ಕೇಳಿ ಎದ್ದುಹೋದಾಗ ಅವರ ಕೈಯಲ್ಲಿದ್ದದ್ದು ಕೆಲವು ತೊಟ್ಟು ಕಂದು ದ್ರವ ಮಾತ್ರ. ಅದು ನಿಜವಾಗಿದ್ದುದರಿಂದ ಅಷ್ಟೇ ಸಾಕಾಯಿತು. ಸೈಲೆನ್ಸರಿನಲ್ಲಿ ಹೊಗೆ ಕಾಣಲಿಲ್ಲವೆಂದು ನಿಶ್ಚಿಂತರಾಗದೆ, ದೀಪ ಹತ್ತಿದಾಗ ಆರಿಸುವ ಉಪಾಯವನ್ನು ಬಿಟ್ಟು ಕಾರಣವನ್ನು ಹುಡುಕುವುದೇ ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಗೌರವ.